ಮೀನಿಲ್ಲದ ತೊಟ್ಟಿ

ಗಂಡ ಸಾಯುವ ಹಿಂದಿನ ದಿನ ಬೆಳಿಗ್ಗೆ ಟೈಲರಮ್ಮನಿಗೆ ಹೊಲಿಗೆ ಮಿಷನ್ನಿನ ಬಾಬಿನ್ ಡಬ್ಬಿಯಲ್ಲಿ ಒಂದು ಬಸವನಹುಳು ಸಿಕ್ಕಿತು.

"ರೀ, ನಿಮ್ಮ ಬಳಗ ಇಲ್ಲಿಗೂ ಬಂದಿದೆ ನೋಡಿ."

ಅವನು ತಿರುಗಿಯೂ ನೋಡಲಿಲ್ಲ. ಕೆಲಸಕ್ಕೆ ಹೊತ್ತಾಗಿತ್ತು. ಊರಿನ ಕೆಟ್ಟ ಲಿಫ್ಟುಗಳೆಲ್ಲ ರಿಪೇರಿಗೆ ಅವನನ್ನೇ ಕಾಯುತ್ತಿದ್ದವು. ಅವನು ಮಾತ್ರ ಗಾಜಿನ ತೊಟ್ಟಿಯೊಳಗೆ ಕೈಬಿಟ್ಟು, ಬೇರು ಕಿತ್ತು ತೇಲಿದ್ದ ಗಿಡವೊಂದನ್ನು ಮರಳಿಗೆ ಸಿಕ್ಕಿಸುತ್ತಿದ್ದ.

"ಕೊಡು ಇಲ್ಲಿ. ಬದುಕಿದೆಯಾ?"

"ನನಗೇನು ಗೊತ್ತು? ನಾಡಿ ಹಿಡಿದು ನೋಡ್ಲಾ?"

ಅವನು ನಕ್ಕ. ಹುಳುವನ್ನು ನೀರಿಗೆ ಬಿಟ್ಟ. ಕೈ ಒರೆಸಿಕೊಂಡಿದ್ದು ಅವಳು ಕತ್ತರಿಸಿಟ್ಟಿದ್ದ ಯಾರದೋ ಅಂಗಿ ಬಟ್ಟೆಗೆ. ಅದಕ್ಕೂ ಬೈಸಿಕೊಂಡು ಹೊರಟ. ಸಂಜೆ ಬಂದ, ಉಂಡ, ಮಲಗಿದ. ಮರುದಿನ ಕೆಲಸದ ಜಾಗದಲ್ಲಿ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಆ ತೊಟ್ಟಿಯದೇ ಚಿಂತೆ. ಹಸಿರು ಗಿಡ ಇದೆ, ದೀಪ ಇದೆ, ನೀರು ಇದೆ, ಮೀನೆಲ್ಲಿ? ಗಂಡನ ಕಡೆಯ ಒಬ್ಬ ಅಜ್ಜಿಯಂತೂ ಗಾಜಿಗೆ ಮೂಗು ಒತ್ತಿ ನಿಟ್ಟುಸಿರು ಬಿಟ್ಟಳು. "ಪಾಪ, ಯಜಮಾನನ ಹಿಂದೇನೇ ಮೀನುಗಳೂ ಹೋದವಾ?"

"ಇರಲೇ ಇಲ್ಲ ಅಜ್ಜಿ. ಅವರು ಸಾಕಿದ್ದು ಬಸವನಹುಳ."

"ಯಾಕಂತೆ?"

ಟೈಲರಮ್ಮ ಮದುವೆಯಾದಾಗಿಂದ ಕೇಳುತ್ತಿದ್ದ ಪ್ರಶ್ನೆಯೂ ಅದೇ. ಪಾಚಿ ತಿನ್ನುತ್ತವೆ ಅನ್ನುತ್ತಿದ್ದ. ಪಾಚಿ ತಿಕ್ಕಲು ಒಂದು ಬ್ರಷ್ ಸಾಕಲ್ಲ ಅಂದರೆ ಮಾತು ಬದಲಿಸುತ್ತಿದ್ದ.

ಸಲೂನ್ ಇಟ್ಟಿದ್ದ ಮೈದುನ ಮಾತ್ರ ಕೆಲಸದ ಮಾತು ಆಡಿದ. "ಅತ್ತಿಗೆ, ತೊಟ್ಟಿ ನನಗೆ ಕೊಡಿ. ಕಾಯ್ತಾ ಕೂರೋ ಗಿರಾಕಿಗಳಿಗೆ ಹೊತ್ತು ಹೋಗುತ್ತೆ."

"ಈಗಲೇ ತಗೊಂಡು ಹೋಗು. ನನಗೂ ಪೀಡೆ ಕಳೀತು."

"ಭಾನುವಾರ ಗಾಡಿ ತರ್ತೀನಿ."

ಭಾನುವಾರದವರೆಗೆ ಅದು ಅವಳ ಕುತ್ತಿಗೆಗೆ ಬಿತ್ತು. ಗಂಡ ಅಷ್ಟು ವರ್ಷ ಸಾಕಿದ್ದನ್ನು ಹೆಂಡತಿ ಒಂದು ವಾರದಲ್ಲಿ ಮುಗಿಸಿದಳು ಅಂತ ಯಾರೂ ಅನ್ನಬಾರದು. ಜನ ಹಾಳಾಗಿ ಹೋಗಲಿ, ಅವಳಿಗೇ ಹಾಗೆ ಅನ್ನಿಸಬಾರದು. ನೀರು ಇಳಿದಿತ್ತು. ನಲ್ಲಿ ನೀರು ನೇರವಾಗಿ ಹಾಕಬೇಡ, ಅದರಲ್ಲಿ ಔಷಧಿ ಇರುತ್ತೆ ಅಂತ ಅವನು ಎಂದೋ ಹೇಳಿದ್ದು ನೆನಪಾಯಿತು. ಹಾಗಾದರೆ ಮನೆಯಲ್ಲಿರುವ ಒಳ್ಳೆಯ ನೀರೇ ಹಾಕೋಣ ಅಂತ, ತಾನು ಕುಡಿಯಲು ತಾಮ್ರದ ಬಿಂದಿಗೆಯಲ್ಲಿ ತುಂಬಿಟ್ಟಿದ್ದ ನೀರನ್ನು ಅಷ್ಟೂ ಸುರಿದಳು.

ಬೆಳಿಗ್ಗೆ ನೋಡಿದರೆ ಗಾಜಿನ ಮೇಲೆ ಒಂದೂ ಇಲ್ಲ. ಎಲ್ಲ ತಳಕ್ಕೆ ಬಿದ್ದಿದ್ದವು, ಚಿಪ್ಪಿನೊಳಗೆ ಮುದುಡಿಕೊಂಡು.

ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟುಕೊಂಡು ಮೀನಿನಂಗಡಿಗೆ ಓಡಿದಳು. ಅಂಗಡಿಯವನು ಕೇಳಿದ, "ಯಾವ ನೀರು ಹಾಕಿದ್ರಿ?"

"ನಾವು ಕುಡಿಯೋದೇ. ತಾಮ್ರದ ಬಿಂದಿಗೇದು."

ಅವನು ತಲೆ ಚಚ್ಚಿಕೊಂಡ. "ಅಮ್ಮಾ, ತಾಮ್ರ ಇವಕ್ಕೆ ವಿಷ. ಬಸವನಹುಳ ಸಾಯಿಸೋ ಔಷಧಿಯಲ್ಲಿ ಇರೋದೇ ಅದು."

"ಒಳ್ಳೇದು ಅಂತಾರಲ್ಲಪ್ಪ?"

"ನಿಮಗೆ ಒಳ್ಳೇದು. ನೀವು ಬಸವನಹುಳ ಅಲ್ವಲ್ಲ."

ತನ್ನ ತೊಟ್ಟಿಯ ನೀರನ್ನೇ ಚೀಲಕ್ಕೆ ತುಂಬಿ ಕೊಟ್ಟ. ಹುಳುಗಳನ್ನು ಇದರಲ್ಲಿಡಿ, ಮನೆ ತೊಟ್ಟಿಯ ನೀರನ್ನು ಮತ್ತೆ ಮತ್ತೆ ಬದಲಾಯಿಸಿ, ಸತ್ತಿದೆಯೋ ಇಲ್ಲವೋ ಗೊತ್ತಾಗದಿದ್ದರೆ ಮೂಸಿ ನೋಡಿ ಅಂದ.

ಮೂಸಿದಳು. ಹೊಲಿಯಲು ಬಟ್ಟೆ ರಾಶಿ ಬಿದ್ದಿರುವಾಗ, ಪ್ಲಾಸ್ಟಿಕ್ ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೇ ಎತ್ತಿ ಮೂಸಿದಳು. ಸತ್ತಿದ್ದರ ನಾತಕ್ಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಅದನ್ನು ಆಚೆಗಿಟ್ಟಳು. ಗಂಡನ ಮೇಲೆ ಇನ್ನಿಲ್ಲದ ಸಿಟ್ಟು ಬಂತು. ಕೆಟ್ಟ ಲಿಫ್ಟಿಗೆಲ್ಲ "ಬಳಸಬೇಡಿ" ಅಂತ ಬೋರ್ಡು ತೂಗುಹಾಕುತ್ತಿದ್ದ ಮನುಷ್ಯ. ಮನೆಯಲ್ಲಿ ತಾಮ್ರ ಆಗದು ಅಂತ ಇಷ್ಟು ಬಾಯಿಬಿಟ್ಟು ಹೇಳಿದ್ದರೆ ಗಂಟೇನು ಹೋಗುತ್ತಿತ್ತು?

ಅರ್ಧಕ್ಕರ್ಧ ಸತ್ತವು. ಶನಿವಾರ ಸಂಜೆ ಒಂದು, ಕೂದಲೆಳೆಯಂಥ ಕೊಂಬು ಹೊರಗೆ ಹಾಕಿತು. ಅವಳು ಹಾಗೇ ನೆಲದ ಮೇಲೆ ಕೂತು ಅತ್ತಳು. ಹೆಣ ಎತ್ತುವಾಗಲೂ ಬಾರದಿದ್ದ ಅಳು, ಈ ದರಿದ್ರದ ಹುಳುವಿಗೆ ಬಂತಲ್ಲ ಅಂತ ಇನ್ನಷ್ಟು ಅತ್ತಳು.

ಭಾನುವಾರ ಮೈದುನ ಗಾಡಿ ತಂದ. ತೊಟ್ಟಿಯ ನೀರು ಅರ್ಧ ಖಾಲಿ ಮಾಡಿ, ಅವನೊಂದು ತುದಿ, ಅವಳೊಂದು ತುದಿ ಹಿಡಿದರು.

"ಹುಳ ಎಲ್ಲ ಹೋದವಾ ಅತ್ತಿಗೆ?"

"ಟಬ್ಬಿನಲ್ಲಿ ಇನ್ನೂ ಇವೆ."

"ಚೆಲ್ಲಿಬಿಡಿ. ತೊಟ್ಟಿಗೆ ಔಷಧಿ ಹಾಕಿ ತೊಳೆದು, ಕೆಂಪು ಮೀನು ಬಿಡ್ತೀನಿ."

"ಕೆಳಗಿಡು."

"ಏನಾಯ್ತು?"

"ಕೆಳಗಿಡು ಅಂದೆ."

ಅವನು ಇಟ್ಟ. "ಬೇಡ ಅಂದವರು ನೀವೇ ಅಲ್ವಾ?"

"ಬೇಡ ಅನ್ನೋದೂ ನಾನೇ, ಬೈಯೋದೂ ನಾನೇ. ನೀನು ಬೇರೆ ತೊಟ್ಟಿ ನೋಡ್ಕೋ."

"ಅಣ್ಣನ ಹುಚ್ಚು ನಿಮಗೂ ಹತ್ತಿತು."

"ಹುಚ್ಚಲ್ಲಪ್ಪ, ಕರ್ಮ. ಟೀ ಕುಡಿದು ಹೋಗು."

ಈಗ ಅವು ಮತ್ತೆ ಸಂಸಾರ ಬೆಳೆಸಿವೆ. ಎಲೆಯಡಿಗೆಲ್ಲ ಅಂಟಂಟು ಮೊಟ್ಟೆ. ಸಂಜೆ ಬೇಯಿಸಿದ ಸೌತೆಕಾಯಿ ಹೋಳು ಹಾಕಬೇಕು, ಉಳಿದದ್ದನ್ನು ಬೆಳಿಗ್ಗೆ ತೆಗೆಯಬೇಕು, ಇಲ್ಲದಿದ್ದರೆ ನೀರು ಕೊಳೆಯುತ್ತೆ ಅಂತ ಅಂಗಡಿಯವನ ಅಪ್ಪಣೆ. ಹಾಗಾಗಿ ದಿನಾ ಬೆಳಿಗ್ಗೆ ಟೈಲರಮ್ಮ ಮುಖ ತೊಳೆಯುವ ಮೊದಲೇ ಆ ಸಿಪ್ಪೆ ಎತ್ತುತ್ತಾಳೆ. ಅದರ ತುಂಬ ಇವು ಕಚ್ಚಿಕೊಂಡಿರುತ್ತವೆ. ದೊಡ್ಡವನ್ನು ಉಗುರಿನಿಂದ ಬಿಡಿಸುತ್ತಾಳೆ. ಮರಿಗಳು ಸಾಸಿವೆ ಕಾಳಿನಷ್ಟು, ಅವು ಕಾಣಲು ಅವಳಿಗೆ ಕನ್ನಡಕ ಬೇಕು. "ಬಿಡ್ರೋ, ತಿಂದಿದ್ದು ಸಾಲದಾ, ನನಗೆ ಬೇರೆ ಕೆಲಸ ಇಲ್ವಾ," ಅನ್ನುತ್ತಾ ಒಂದೊಂದನ್ನೇ ನೀರಿಗೆ ಬಿಡುತ್ತಾಳೆ. ಸಿಪ್ಪೆಯನ್ನು ಕಿಟಕಿ ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡುತ್ತಾಳೆ. ಆಮೇಲೆ ಕಸಕ್ಕೆ ಹಾಕುತ್ತಾಳೆ.