ಸಿಂಹಿಣಿ ನನ್ನನ್ನೇ ನೋಡಿದ ಚಿತ್ರ

ಹೊಸ ಕ್ಯಾಮೆರಾ ಕೈಗೆ ಬಂದರೆ ಮನುಷ್ಯನಿಗೆ ಸ್ವಲ್ಪ ಮಂಕು ಕವಿಯುತ್ತದೆ. 2015ರ ಜುಲೈ ರಜೆಯಲ್ಲಿ ಆಕ್ಲೆಂಡಿನಿಂದ ಹೆಂಡತಿ, ಹತ್ತು ವರ್ಷದ ಮಗಳು, ಮೊಳದುದ್ದದ ಲೆನ್ಸು ಸಮೇತ ಕೀನ್ಯಾಕ್ಕೆ ಸಫಾರಿ ಹೊರಟಾಗ ನನಗೂ ಕವಿದಿತ್ತು. ಎರಡು ದಿನ ಕಂಡ ಸಿಂಹಗಳೆಲ್ಲ ಮದುವೆಯೂಟ ಮುಗಿಸಿದ ನೆಂಟರಂತೆ ಬಿದ್ದುಕೊಂಡು ನಿದ್ದೆ ಹೊಡೆಯುತ್ತಿದ್ದವು.

ಮೂರನೆಯ ಬೆಳಿಗ್ಗೆ ಪೊದೆಯ ನೆರಳಲ್ಲಿ ಒಂದು ಸಿಂಹಿಣಿ. ಅದೂ ನಿದ್ದೆಯೇ. ಗಾಡಿಯಲ್ಲಿ ಸದ್ದು ಕೂಡದೆಂದು ನಮ್ಮ ಗೈಡ್ ಮೊದಲ ದಿನವೇ ಹೇಳಿದ್ದರು. ಆದರೆ ನಾನು ಮೈಸೂರಿನವನು, ಮೃಗಾಲಯದ ಕಂದಕದಾಚೆ ಮಲಗಿದ ಹುಲಿಯನ್ನು ಚಪ್ಪಾಳೆ ತಟ್ಟಿ ಎಬ್ಬಿಸುತ್ತ ಬೆಳೆದವನು. ಕೈ ಕೇಳಲಿಲ್ಲ. ಎರಡು ಚಪ್ಪಾಳೆ, ಜೊತೆಗೊಂದು "ಹೋಯ್".

ಅದು ತಲೆಯೆತ್ತಿ ನೇರ ನನ್ನನ್ನೇ ನೋಡಿತು. ಕ್ಲಿಕ್ಕಿಸಿದೆ. ಮರುಕ್ಷಣ ಬೆಕ್ಕಿನಷ್ಟಿದ್ದ ಮರಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಬಿಸಿಲ ಬಯಲಿಗೆ ನಡೆಯಿತು. ಇನ್ನೆರಡು ಮರಿ ಹುಲ್ಲಿನಲ್ಲಿ ಕೂಗುತ್ತ ಉಳಿದವು. ತಾಯಿ ವಾಪಸು ಬರಲೆಂದು ಗೈಡ್ ಗಾಡಿಯನ್ನು ದೂರ ಒಯ್ದರು.

ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಸಫಾರಿ ಗಾಡಿಯವರು ದೂರು ಕೊಟ್ಟಿದ್ದರು. ಕಾಡಿನ ಗೇಟಿನಲ್ಲಿ ಅಧಿಕಾರಿ ವಿಚಾರಿಸಿದಾಗ ಗೈಡ್ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ನಾನು ಕ್ಯಾಮೆರಾದ ಪರದೆ ನೋಡುತ್ತ ಕೂತಿದ್ದೆ. ಬೀಳ್ಕೊಡುವಾಗ ಅವರು ಕೇಳಿದ್ದು ಒಂದೇ: ನಡೆದದ್ದನ್ನು ತಮ್ಮ ಕಚೇರಿಗೆ ಬರೆದು ತಿಳಿಸಬೇಕು, ಇಲ್ಲದಿದ್ದರೆ ಕೆಲಸ ಹೋಗುತ್ತದೆ. ಮನೆ ಮುಟ್ಟಿದ ತಕ್ಷಣ ಬರೆಯುತ್ತೇನೆಂದು ಕೈ ಹಿಡಿದು ಹೇಳಿದೆ.

ಮನೆ ಮುಟ್ಟಿ ಆರು ವಾರವಾಯಿತು. ಬರೆಯಲು ಕೂತರೆ, ಚಪ್ಪಾಳೆ ತಟ್ಟಿದವನು ನಾನು ಎಂಬ ಮೊದಲ ಸಾಲೇ ಮುಂದೆ ಹೋಗುತ್ತಿರಲಿಲ್ಲ. ಚಿತ್ರವನ್ನು ಮಾತ್ರ ದೊಡ್ಡದು ಮಾಡಿಸಿ ಆಕ್ಲೆಂಡಿನ ಹಿಲ್ಸ್‌ಬರೋ ಬಡಾವಣೆಯ ನಮ್ಮ ಮನೆಯ ಗೋಡೆಗೆ ಹಾಕಿದ್ದೆ.

ಒಂದು ಭಾನುವಾರ ಕನ್ನಡದವರು ಒಬ್ಬೊಬ್ಬರು ಒಂದೊಂದು ಅಡುಗೆ ಹಿಡಿದು ನಮ್ಮಲ್ಲಿಗೆ ಊಟಕ್ಕೆ ಬಂದರು.

"ಅಲ್ವೋ, ನಿನ್ನನ್ನೇ ನೋಡ್ತಾ ಇದೆಯಲ್ಲೋ. ಹೆಂಗೆ ಹಿಡಿದೆ?" ಊರಾಚೆಯ ಪಾಪಕುರಾದಿಂದ ಬಂದಿದ್ದ ಹಿರಿಯ ಆಂಟಿ ಪುಳಿಯೋಗರೆ ಡಬ್ಬಿ ಕೆಳಗಿಡುವುದನ್ನೂ ಮರೆತು ಕೇಳಿದರು.

"ತಾಳ್ಮೆ ಬೇಕು ಆಂಟಿ. ಮೂರು ಗಂಟೆ ಕಾದಿದೀನಿ."

"ಹಿ ಕ್ಲಾಪ್ಡ್," ಎಂದಳು ಮಗಳು.

ಎಲ್ಲರೂ ನಕ್ಕರು. "ಮೈಸೂರ್ ಜೂ ಅಂದ್ಕೊಂಡ್ರಾ ಸಾರ್? ಕಡ್ಲೇಕಾಯಿ ಎಸೀಲಿಲ್ವಾ?" ಎಂದ ಒಬ್ಬ ಗೆಳೆಯ. ನಾನೂ ನಕ್ಕೆ. ಮಗಳು ನಗಲಿಲ್ಲ.

"ಅಪ್ಪಾ, ಡಿಡ್ ಯು ರೈಟ್ ದಟ್ ಲೆಟರ್?"

"ಯಾವ ಲೆಟರಮ್ಮಾ?" ಎಂದರು ಆಂಟಿ.

ಮಗಳು ನನ್ನ ಮುಖ ನೋಡಿದಳು, ಹೇಳಲಿಲ್ಲ. ಅಲ್ಲಿ ನನ್ನನ್ನು ಗೈಡ್ ಉಳಿಸಿದ್ದರು, ಇಲ್ಲಿ ಹತ್ತು ವರ್ಷದ ಮಗು. ಹೇಳಬೇಕಾದವನು ನಾನು. "ಸಾರು ಆರ್ತಾ ಇದೆ, ಬನ್ನಿ" ಎಂದೆ.

ಅವರೆಲ್ಲ ಹೊರಟ ಮೇಲೆ ಗೈಡ್‌ನ ಕಚೇರಿಗೆ ಇಮೇಲ್ ಬರೆದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಬುಧವಾರ ಉತ್ತರ ಬಂತು, ಎರಡೇ ಸಾಲು: ತಿಳಿಸಿದ್ದಕ್ಕೆ ವಂದನೆಗಳು, ಅವರನ್ನು ಹೋದ ತಿಂಗಳೇ ಕೆಲಸದಿಂದ ಬಿಡಿಸಲಾಗಿದೆ.

ಏನು ಬರೆದಿದ್ದಾರೆಂದು ಮಗಳು ಕೇಳಿದಳು. ಓದಿ ಹೇಳಿದೆ. ಹೋದ ತಿಂಗಳು ಎಂದದ್ದೇ ಅವಳು ನಾವು ಮನೆ ಮುಟ್ಟಿದಂದಿನಿಂದ ಬೆರಳು ಮಡಚಿ ವಾರ ಎಣಿಸತೊಡಗಿದಳು. ಅವಳ ಲೆಕ್ಕ ಮುಗಿಯುವ ಮೊದಲೇ ನಾನು ಎದ್ದು ಹಿತ್ತಲಿಗೆ ಹೋದೆ.