ನಾನೂರಾ ಒಂದನೆಯ ಚೀಲ

ಶರಣಪ್ಪ ಕಾಕಾ ದಾರಿಯಲ್ಲಿ ಎದುರಾದರೆ ಮೊದಲು ನಮ್ಮ ಮುಖ ನೋಡುತ್ತಿರಲಿಲ್ಲ, ಕೈಯಲ್ಲಿರುವ ಚೀಲ ನೋಡುತ್ತಿದ್ದರು. ಬರೀ ನೋಡಿ ಬಿಟ್ಟಿದ್ದರೂ ಆಗುತ್ತಿತ್ತು. ಎರಡು ಬೆರಳಿನಿಂದ ಹಿಡಿಕೆಯನ್ನು ಒಮ್ಮೆ ಜಗ್ಗಿ, ಹೊಲಿಗೆಯ ಹತ್ತಿರ ಕಣ್ಣು ತಂದು, ಮನಸ್ಸಿಗೆ ಬಂದ ಮೇಲೆಯೇ "ಆರಾಮ್ ಇದ್ದೀರೇನ್ರಿ?" ಎಂದು ಕೇಳುತ್ತಿದ್ದರು. ನಾಸಿಕ್‌ನ ನಮ್ಮ ಓಣಿಯ ಹೆಂಗಸರು ಅವರನ್ನು ದೂರದಲ್ಲಿ ಕಂಡರೆ ಸಾಕು, ತರಕಾರಿ ಚೀಲವನ್ನು ಸೆರಗಿನ ಮರೆಗೆ ಸರಿಸಿಕೊಳ್ಳುತ್ತಿದ್ದರು.

ಕಾಕಾ ಆಳಂದದ ಕಡೆಯವರು. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ಬೇರೆಯವರು ಮಾಡಿದ ಕೆಲಸವನ್ನು ಪರೀಕ್ಷಿಸಿ ಸಹಿ ಹಾಕುವುದು ಅವರ ಉದ್ಯೋಗ. ನಿವೃತ್ತಿಯಾದ ಮೇಲೂ ಅಂಗಿಯ ಜೇಬಿನಲ್ಲಿ ಒಂದು ಸ್ಟೀಲಿನ ಅಳತೆಪಟ್ಟಿ, ಒಂದು ಭೂತಗನ್ನಡಿ ಇದ್ದೇ ಇರುತ್ತಿದ್ದವು. ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. ಸದ್ದು ಓಝರ್ ಕಡೆ ಇಳಿದು ಪೂರಾ ಅಡಗಿದ ಮೇಲೆ "ಮುಟ್ಟಿತ್ರಿ" ಎಂದು, ಬಿಟ್ಟ ಶಬ್ದದಿಂದಲೇ ಮಾತು ಮುಂದುವರಿಸುತ್ತಿದ್ದರು. ಅಷ್ಟು ಹೊತ್ತು ಅವರ ಹೆಂಡತಿ ಚಹಾದ ಕಪ್ಪು ಹಿಡಿದುಕೊಂಡು ನಿಂತಿರುತ್ತಿದ್ದರು.

ನಾನೂ ಹುಟ್ಟಾ ಅಂಜುಬುರುಕಿ. ಭಾಲ್ಕಿಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಕಾರ್ಖಾನೆಯಿಂದ ಬರುವುದು ಹತ್ತು ನಿಮಿಷ ತಡವಾದರೆ ಮನಸ್ಸಿನಲ್ಲೇ ಆಸ್ಪತ್ರೆಗೆ ಹೋಗಿ ಬಂದಿರುತ್ತೇನೆ. ಆದರೆ ನನ್ನ ಅಂಜಿಕೆಗೆ ಮಾಡಲು ಕೆಲಸವಿರಲಿಲ್ಲ, ಕಾಕಾ ಅವರ ಅಂಜಿಕೆಗೆ ಇತ್ತು. ಆ ವ್ಯತ್ಯಾಸ ನನಗೆ ತಿಳಿಯಲು ಬಹಳ ದಿನ ಬೇಕಾಯಿತು.

ಅವರ ಪರಿಚಯವಾದದ್ದೂ ಒಂದು ಹರಿದ ಚೀಲದಿಂದ. ನಾವು ಏಳು ಹೆಂಗಸರು ಸೇರಿ ಬಚತ್ ಗಟ್, ಅಂದರೆ ಉಳಿತಾಯದ ಸಂಘ, ಕಟ್ಟಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಟ್ಟೆಚೀಲ ಹೊಲಿಯುತ್ತಿದ್ದೆವು. ನಾಸಿಕ್‌ನಲ್ಲಿ ಎರಡು ಅಂಗಡಿಗಳಿದ್ದ ಒಂದು ಸೂಪರ್ ಮಾರ್ಕೆಟ್ಟು ಪ್ಲಾಸ್ಟಿಕ್ ನಿಲ್ಲಿಸಿ, ನಮ್ಮ ಚೀಲಗಳ ಮೇಲೆ ಹಸಿರು ಎಲೆಯ ಚಿತ್ರವನ್ನೂ 'ಭೂಮಿ ಉಳಿಸಿ' ಎಂಬ ಮಾತನ್ನೂ ಅಚ್ಚು ಹಾಕಿಸಿ ಗಿರಾಕಿಗಳಿಗೆ ಮಾರುತ್ತಿತ್ತು. ಮೊದಲು ಪುಕ್ಕಟೆ ಬರುತ್ತಿದ್ದುದಕ್ಕೆ ಈಗ ರೊಕ್ಕ ಕೊಡಬೇಕಲ್ಲ ಎಂದು ಜನ ಗೊಣಗುತ್ತಿದ್ದರು. ಭೂಮಿಯ ಹೆಸರು, ಅಂಗಡಿಯವನ ಬಸಿರು ಎನ್ನುವವರೂ ಇದ್ದರು. ಕಾಕಾ ಗೊಣಗಲಿಲ್ಲ. ಈ ಚೀಲ ಎಷ್ಟು ಸಲ ಭಾರ ಹೊರುತ್ತದೆ ಎಂದು ಬಿಲ್ಲು ಮಾಡುವ ಹುಡುಗಿಯನ್ನು ಕೇಳಿದರಂತೆ. ಅವಳಿಗೆ ಗೊತ್ತಿರಲಿಲ್ಲ. ಹಾಗಾದರೆ ನೋಡಿಯೇ ಬಿಡೋಣ ಎಂದು ಒಂದನ್ನು ಕೊಂಡು ಈರುಳ್ಳಿ ತುಂಬಿದರು. ಹೊರಗಿನ ಮೆಟ್ಟಿಲ ಮೇಲೆಯೇ ಹಿಡಿಕೆ ಕಿತ್ತು ಬಂದು ಈರುಳ್ಳಿಯೆಲ್ಲ ರಸ್ತೆಗೆ ಉರುಳಿತು. ಚೀಲದ ತಳದಲ್ಲಿ ನಮ್ಮ ಗಟ್ಟಿನ ಹೆಸರು ಓದಿಕೊಂಡು ನೇರವಾಗಿ ನಮ್ಮ ಬಾಗಿಲಿಗೆ ಬಂದರು.

ಬೈಯುತ್ತಾರೆ ಎಂದು ನಾನು ಅಂಜಿದ್ದೆ. ಅವರು ಚಾಪೆಯ ಮೇಲೆ ಕುಳಿತು, ಕಿತ್ತ ಹಿಡಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮೆಲ್ಲಗೆ ಹೇಳಿದರು: "ನೋಡ್ರಿ ತಾಯಿ, ಪುಕ್ಕಟೆ ಪಿಶವಿ ಹರಿದ್ರ ಮಂದಿ ಪಿಶವಿಗಿ ಬೈತಾರ. ರೊಕ್ಕ ಕೊಟ್ಟ ಪಿಶವಿ ಹರಿದ್ರ, ಭೂಮಿ ಉಳಸ್ರಿ ಅನ್ನೋ ಮಾತಿಗೇ ಬೈತಾರ. ಇನ್ನೊಮ್ಮಿ ಯಾರರೆ ಆ ಮಾತು ಹೇಳಿದ್ರ ನಂಬಂಗಿಲ್ಲ."

ಬಟ್ಟೆಚೀಲಕ್ಕೂ ಹತ್ತಿ ಬೇಕು, ನೀರು ಬೇಕು, ಬಣ್ಣ ಬೇಕು. ವರ್ಷಗಟ್ಟಲೆ ಬಾಳಿದರೆ ಮಾತ್ರ ಅದು ಪ್ಲಾಸ್ಟಿಕ್ಕಿಗಿಂತ ಮೇಲು, ತಿಂಗಳಿಗೇ ಹರಿದರೆ ಅದೂ ಕಸವೇ ಎಂದು ಅವರು ವಿವರಿಸಿದರು. ನಮಗಾರಿಗೂ ಇದು ಹೊಳೆದಿರಲಿಲ್ಲ. ಮರುದಿನದಿಂದ ಯಾರೂ ಕರೆಯದೆ, ಸಂಬಳ ಕೇಳದೆ, ಅವರು ನಮ್ಮ ಇನ್ಸ್‌ಪೆಕ್ಟರ್ ಆದರು.

ಅವರ ಕಟ್ಟುನಿಟ್ಟು ಒಂದೆರಡಲ್ಲ. ಹಿಡಿಕೆಗೆ ನಾಲ್ಕು ಸುತ್ತು ಹೊಲಿಗೆ. ಹತ್ತು ಕಿಲೋ ಈರುಳ್ಳಿ ತುಂಬಿ ಕೊಂಡಿಗೆ ತೂಗುಹಾಕಿ ನೋಡುವುದು. ಪ್ರತಿ ಲೋಡಿಗೆ ಒಂದು ಚೀಲ ಹೆಚ್ಚಿಗೆ ಹೊಲಿಯಬೇಕು, ಅದನ್ನು ಅವರು ಮನೆಗೆ ಒಯ್ದು ಒಂದು ತಿಂಗಳು ಸಂತೆಗೆ ಬಳಸಿ ಹೇಗಿದೆ ಎಂದು ಹೇಳುತ್ತಿದ್ದರು. ಎಲ್ಲಕ್ಕಿಂತ ದೊಡ್ಡದು ಸೂಜಿಯ ರಜಿಸ್ಟರು. ವಿಮಾನದ ಕೆಲಸ ಮುಗಿದ ಮೇಲೆ ತಂದ ಹತಾರಗಳೆಲ್ಲ ಲೆಕ್ಕಕ್ಕೆ ಸಿಗಬೇಕಂತೆ, ಒಂದು ಸ್ಕ್ರೂ ಡ್ರೈವರು ಕಡಿಮೆ ಬಿದ್ದರೂ ವಿಮಾನ ಏಳುವುದಿಲ್ಲವಂತೆ. ಹಾಗೆಯೇ ನಮ್ಮಲ್ಲಿ ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ಟೇಪಿನಿಂದ ರಜಿಸ್ಟರಿಗೆ ಅಂಟಿಸಬೇಕು. ಯಾರ ಮಷಿನ್ನು, ಚೂರು ಪೂರಾ ಸಿಕ್ಕಿತೇ, ತಪ್ಪು ಯಾರದು ಎಂದು ಬರೆಯಬೇಕು. ಒಂದೊಂದಕ್ಕೂ ಗೆರೆ ಹಾಕಿದ ಒಂದೊಂದು ಮನೆ, ಕೊನೆಯ ಮನೆಯಲ್ಲಿ ಕಾಕಾ ಸಹಿ. ಬರೆದದ್ದು ತಪ್ಪಾದರೆ ಗೀಚಿ ಹಾಳು ಮಾಡುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು.

ನಮ್ಮಲ್ಲಿ ಎಲ್ಲರಿಗಿಂತ ಚುರುಕಾಗಿ ಹೊಲಿಯುತ್ತಿದ್ದವಳು ಸುನೀತಾ. ಇಲ್ಲಿಯವಳೇ, ಮರಾಠಿಯವಳು. ಮುದುಕನಿಗೆ ತಲೆ ಕೆಟ್ಟಿದೆ ಎಂದು ನಗುತ್ತಲೇ ಹೇಳಿದ್ದನ್ನೆಲ್ಲ ಮಾಡುತ್ತಿದ್ದಳು. ಮಾಡಿದ್ದಕ್ಕೆ ಫಲವೂ ಸಿಕ್ಕಿತು. ನಮ್ಮ ಚೀಲ ಹರಿಯುವುದಿಲ್ಲ ಎಂದು ಹೆಸರಾಯಿತು. ಕಾಕಾ ಸಹಿಯ ಚೀಟಿ ಇಲ್ಲದ ಗಂಟನ್ನು ಅಂಗಡಿಯವರು ಇಳಿಸಿಕೊಳ್ಳುತ್ತಲೇ ಇರಲಿಲ್ಲ. ಛತ್ರಪತಿ ಸಂಭಾಜಿನಗರದಲ್ಲಿ ಅವರ ಮೂರನೆಯ ಅಂಗಡಿ ತೆರೆಯುವಾಗ ನಾನೂರು ಚೀಲ ಕೇಳಿದರು. ಅದು ಸರಿಹೋದರೆ ಮೂರೂ ಅಂಗಡಿಗಳ ವರ್ಷದ ಕೆಲಸ ನಮಗೇ ಎಂದರು. ಏಳು ಮನೆಗಳ ಒಲೆ ಅದರ ಮೇಲೆ ನಿಂತಿತ್ತು.

ಮಾಲು ಹೋಗುವ ದಿನ ಬೆಳಿಗ್ಗೆ ಸುನೀತಾಳ ಸೂಜಿ ಮುರಿಯಿತು. ಅವಸರದಲ್ಲಿ ಅವಳು ಯಾರಿಗೂ ಹೇಳದೆ, ಕೈಗೆ ಸಿಕ್ಕ ಚೂರನ್ನು ಸೂಜಿಯ ಡಬ್ಬಿಗೆ ಹಾಕಿ ಬೇರೆ ಸೂಜಿ ಏರಿಸಿದಳು. ಎರಡು ಗಂಟೆಗೆ ಕಾಕಾ ಡಬ್ಬಿ ತೆರೆದು ಚೂರನ್ನು ಪಟ್ಟಿಗೆ ಹಿಡಿದರು. ಮೊನೆ ಇರಲಿಲ್ಲ. ಅಕ್ಕಿಕಾಳಿನಷ್ಟು ಸಣ್ಣದು. ನಾನೂರು ಚೀಲ ಗಂಟು ಕಟ್ಟಿ ಆಗಿತ್ತು. ಲಾರಿ ನಾಲ್ಕಕ್ಕೆ ಬರುವುದಿತ್ತು.

ನೆಲಕ್ಕೆ ಬಿದ್ದು ಕಸದ ಜೊತೆ ಹೋಗಿರಬಹುದು ಎಂದೆ. "ಇರಬಹುದು ಅನ್ನೋ ಮನಿ ರಜಿಸ್ಟರದಾಗ ಇಲ್ರಿ ತಾಯಿ. ಅದ, ಇಲ್ಲ, ಎರಡೇ," ಎಂದರು. ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ ತಂದು, ಗಂಟು ಬಿಚ್ಚಿಸಿ, ಒಂದೊಂದೇ ಚೀಲದ ಅಂಚಿನ ಮೇಲೆ ಆಡಿಸತೊಡಗಿದರು. ಎಷ್ಟು ಅವಸರವಿದ್ದರೂ ಬೇಗ ಮಾಡಲಿಲ್ಲ. ಲಾರಿ ಬಂತು, ಹಾರ್ನ್ ಹೊಡೆಯಿತು. ಅಂಗಡಿಯ ಮ್ಯಾನೇಜರು ಫೋನಿನಲ್ಲಿ ಪೂರಾ ಮಾಲು ಕೊಡಿ, ಇಲ್ಲವೇ ಬೇಡ ಎಂದ. ಸುನೀತಾ ಮೂಲೆಯಲ್ಲಿ ಅಳುತ್ತಿದ್ದಳು. ಐದು ಗಂಟೆಗೆ ನೂರೈವತ್ತು ಚೀಲ ಇನ್ನೂ ಉಳಿದಿದ್ದವು. ಕಾಕಾ ಸಹಿ ಮಾಡಲಿಲ್ಲ. ಲಾರಿ ಖಾಲಿ ಹೋಯಿತು.

ದೀಪ ಹಚ್ಚುವ ಹೊತ್ತಿಗೆ ನಾನೂರೂ ನೋಡಿ ಮುಗಿಯಿತು. ಮೊನೆ ಯಾವುದರಲ್ಲೂ ಇರಲಿಲ್ಲ.

ಆಗ ನಾನು ಆಡಬಾರದ ಮಾತು ಆಡಿದೆ. "ಕಾಕಾ, ಇದು ವಿಮಾನ ಅಲ್ರಿ, ಪಿಶವಿ. ನಿಮ್ಮ ಅಂಜಿಕಿಗಿ ನಮ್ಮ ಏಳು ಮಂದಿ ಅನ್ನ ಹೋಯ್ತು." ಅವರು ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎದ್ದು ಹೋದರು. ಸಂಭಾಜಿನಗರದ ಅಂಗಡಿ ಮರುದಿನ ಬೇರೆ ಯಾರದೋ ತೆಳುವಾದ ಚೀಲಗಳೊಂದಿಗೆ ತೆರೆಯಿತು. ನಾಸಿಕ್‌ನ ಎರಡೂ ಅಂಗಡಿಗಳಿಗೆ ಅವೇ ಬಂದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಾಕಾ ನಮ್ಮ ಕೋಣೆಗೆ ಬರುವುದನ್ನು ಬಿಟ್ಟರು.

ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ಬಂದು ಹೊಸ್ತಿಲ ಹೊರಗೇ ನಿಂತರು. ಕೈಯಲ್ಲಿ ಒಂದು ಕಾಗದ. ಅದರ ಮೇಲೆ ಟೇಪಿನ ಕೆಳಗೆ ಸೂಜಿಯ ಮೊನೆ.

"ಸಿಕ್ತ್ರಿ," ಎಂದರು. "ನಮ್ಮ ಮನ್ಯಾಗಿನ ಪಿಶವಿದಾಗ."

ಲಾರಿ ಬಂದ ದಿನ ಮಧ್ಯಾಹ್ನ, ಊಟಕ್ಕೆ ಮನೆಗೆ ಹೋಗುವಾಗ ಅವರು ಎಂದಿನಂತೆ ಒಯ್ದಿದ್ದ ಹೆಚ್ಚಿನ ಚೀಲ ಅದು. ಅಡುಗೆಮನೆಯ ಬಾಗಿಲ ಹಿಂದೆ ತೂಗುತ್ತಿತ್ತು. ರಜೆಗೆ ಬಂದಿದ್ದ ಮೊಮ್ಮಗಳು ಪೇರಲೆ ತೆಗೆದುಕೊಳ್ಳಲು ಕೈ ಹಾಕಿದಾಗ ತಳದ ಮೂಲೆಯಲ್ಲಿದ್ದ ಮೊನೆ ಬೆರಳಿಗೆ ಚುಚ್ಚಿತು. ರಕ್ತ ಬಂತು, ಇಂಜೆಕ್ಷನ್ ಹಾಕಿಸಿದರು, ಮಗು ಚೆನ್ನಾಗಿದೆ ಎಂದರು. ಹೇಳುವಾಗ ಮುಖ ಬೂದಿಯಂತಾಗಿತ್ತು.

"ಬಗಲಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದಂಗ ಆಯ್ತು. ನಾನೂರಾ ಒಂದು ಇದ್ದವು. ನಾ ನಾನೂರು ಎಣಿಸಿದೆ. ರಜಿಸ್ಟರ್ ತರ್ರಿ."

ಮೊನೆಯನ್ನು ಅದರ ಜಾಗದಲ್ಲಿ ಅಂಟಿಸಿದರು. ತಪ್ಪು ಯಾರದು ಎಂಬ ಮನೆಯಲ್ಲಿ ತಮ್ಮ ಹೆಸರನ್ನು ಪೂರಾ ಬರೆದರು. ಸುನೀತಾ ಬೇಡ ಬೇಡ ಎಂದು ಅವರ ಕೈ ಹಿಡಿದಳು. ಅವಳದು ಮರೆವು, ತಮ್ಮದು ಹೊಣೆ ಎಂದು ಕಾಕಾ ಮರಾಠಿಯಲ್ಲಿ ಸಮಾಧಾನ ಹೇಳಿದರು. ಕೊನೆಯ ಮನೆಗೆ ಬಂದಾಗ ಪೆನ್ನನ್ನು ನನ್ನ ಕೈಗೆ ಕೊಟ್ಟರು. "ತಪ್ಪು ಮಾಡಿದವ ತನ್ನ ತಪ್ಪಿನ ಕೆಳಗ ತಾನೇ ಸಹಿ ಮಾಡಬಾರದು. ನೀವು ಮಾಡ್ರಿ." ನಾಳೆ ಮಾಡುತ್ತೇನೆ ಎಂದೆ.

ಆ ನಾಳೆ ಬರಲಿಲ್ಲ. ಯಾಕೆಂದರೆ ಆ ಚೀಲವನ್ನು ಸುನೀತಾಳ ಗುಡ್ಡೆಯ ಮೇಲಿನಿಂದ ಎತ್ತಿ ಕಾಕಾ ಕೈಗೆ ಕೊಟ್ಟವಳು ನಾನೇ. ಅವರು ಮರೆತಿದ್ದರು, ನಾನು ಮರೆತಿರಲಿಲ್ಲ. ಲಾರಿ ಹಾರ್ನ್ ಹೊಡೆಯುವಾಗ ನನಗೆ ಅದು ಸ್ಪಷ್ಟವಾಗಿ ನೆನಪಾಗಿತ್ತು. ಹೇಳಿದರೆ ಅದನ್ನೂ ತರಲು ಹೋಗುತ್ತಾರೆ, ಇನ್ನೂ ಅರ್ಧ ಗಂಟೆ ಕಳೆಯುತ್ತದೆ ಎಂದು ಅಂಜಿ ಬಾಯಿ ಮುಚ್ಚಿಕೊಂಡೆ. ಹೇಳಿದ್ದರೆ ಆಗಲೇ ಮೊನೆ ಸಿಗುತ್ತಿತ್ತು, ಲಾರಿ ತುಂಬಿಕೊಂಡು ಹೋಗುತ್ತಿತ್ತು, ಆ ಮಗುವಿನ ಬೆರಳಿಗೆ ಏನೂ ಆಗುತ್ತಿರಲಿಲ್ಲ.

ಮುಂದೆ ಕಾಕಾ ದಂಪತಿ ಸಂಭಾಜಿನಗರಕ್ಕೆ ಮಗಳ ಮನೆಗೆ ಹೋದರು. ಅಳಿಯನಿಗೆ ಅಲ್ಲಿಯ ಶೇಂದ್ರಾ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಹೋದ ವರ್ಷ ಆ ಊರಿನ ಹತ್ತಿರದ ವೇರೂಳಿನ ದೇವರ ದರ್ಶನ ಮುಗಿಸಿ ಬರುವಾಗ, ಎಲ್ಲ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಅವರ ಮನೆಗೆ ಹೋದೆ. ಬಾಗಿಲಲ್ಲೇ ನನ್ನ ಕೈಚೀಲದ ಹಿಡಿಕೆ ಜಗ್ಗಿ ನೋಡಿ, ನಮ್ಮದೇ ಹೊಲಿಗೆ ಎಂದು ಗುರುತಿಸಿ ನಕ್ಕರು. ಮೊಮ್ಮಗಳು ನೀರು ತಂದುಕೊಟ್ಟಳು. ಅವಳ ಬೆರಳುಗಳನ್ನೇ ನೋಡಿದೆ, ಗುರುತೇನೂ ಇರಲಿಲ್ಲ. ನನ್ನ ಬಾಯಿ ಆಗಲೂ ಬಿಚ್ಚಲಿಲ್ಲ. ಆಟೋ ಹತ್ತಿಸಲು ಬಂದಾಗ ಅವರೇ ಕೇಳಿದರು, ಸಹಿ ಮಾಡಿದಿರಾ ಎಂದು. ಇಲ್ಲವೆಂದೆ.

"ಸಾವಕಾಶ ಮಾಡ್ರಿ. ಆದ್ರ ಹಂಗೇ ಬಿಡಬ್ಯಾಡ್ರಿ. ಮುಗೀಲಾರದ ರಜಿಸ್ಟರ್ ಮನಷ್ಯಾನ್ನ ಮಲಗಗೊಡೋದಿಲ್ಲ."

ಎರಡು ತಿಂಗಳಿಗೆ ಅವರ ಮಗಳ ಫೋನು ಬಂತು. ಬೆಳಿಗ್ಗೆ ಸಂತೆಗೆ ಹೋಗಿ ಬಂದವರು, ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತಲ್ಲೇ ಹೋದರಂತೆ.

ನಾವು ಈಗಲೂ ಸಣ್ಣಪುಟ್ಟ ಅಂಗಡಿಗಳಿಗೆ ಚೀಲ ಹೊಲಿಯುತ್ತೇವೆ, ಸೂಜಿ ಎಣಿಸುತ್ತೇವೆ. ಆ ಫೋನು ಬಂದ ದಿನವೇ ರಜಿಸ್ಟರು ತೆಗೆದೆ. ಸುನೀತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ. ಕಾಕಾ ಹೆಸರಿನ ಮೇಲೆ, ಓದಲು ಬರುವಂತೆ, ಒಂದೇ ಗೆರೆ ಎಳೆದೆ. ಪಕ್ಕದಲ್ಲಿ ನನ್ನ ಹೆಸರು ಬರೆದೆ. ಕೊನೆಯ ಮನೆ ಖಾಲಿಯೇ ಇದೆ. ನನ್ನ ತಪ್ಪಿನ ಕೆಳಗೆ ನಾನು ಸಹಿ ಮಾಡುವಂತಿಲ್ಲ, ಮಾಡಬೇಕಾದವರು ಇಲ್ಲ.