ಎಡಗೈಯಲ್ಲಿ ಬರೆದ ಒಂದು ಸಾಲು

ಮೊನ್ನೆ ಕಮ್ಮನಹಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ ಬಿಸಿ ಕಾಗದ ಕೈಗೆ ಬಂತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತೊಂಬತ್ತರ ದಶಕದಲ್ಲಿ ಹಲಸೂರಿನ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಅರ್ಥಶಾಸ್ತ್ರದ ಮೇಷ್ಟ್ರು ನೆನಪಾದರು...

ಹೊರಮಾವಿನಿಂದ ಬಸ್ಸಿನಲ್ಲಿ ಬರುತ್ತಿದ್ದ ತಾತ್ಕಾಲಿಕ ಉಪನ್ಯಾಸಕರು. ಪ್ರತಿವರ್ಷವೂ ಪ್ರಿನ್ಸಿಪಾಲರು ಒಪ್ಪಿದರೆ ಮಾತ್ರ ಕೆಲಸ. ತರಗತಿಗೆ ಒಂದು ಚಿಪ್ಪು ಬಾಳೆಹಣ್ಣು ತಂದು, ಒಬ್ಬನಿಗೆ ಒಂದಾದ ಮೇಲೊಂದು ತಿನ್ನಿಸಿ, "ಹೇಳಪ್ಪಾ, ಐದನೇದು ಮೊದಲ್ನೇದರಷ್ಟೇ ರುಚಿಯಾಗಿದ್ಯಾ?" ಎನ್ನುತ್ತಿದ್ದರು. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು, ತಿಂದಷ್ಟೂ ರುಚಿ ಇಳಿಯುತ್ತದೆ ಎಂಬ ಪಾಠ ತಲೆಗೆ ಹತ್ತುತ್ತಿತ್ತು. ಪಕ್ಕದ ಕೋಣೆಯಲ್ಲಿ ನಾನು ಇತಿಹಾಸ ಹೇಳುತ್ತಿದ್ದೆ; ನನ್ನ ವಿದ್ಯಾರ್ಥಿಗಳೂ ಅಲ್ಲಿ ಹೋಗಿ ಕೂರುತ್ತಿದ್ದರು. ನನಗೆ ಅನುಮಾನ. ಈ ಮನುಷ್ಯ ಪರೀಕ್ಷೆಯ ಪ್ರಶ್ನೆಗಳನ್ನು ಮೊದಲೇ ಹೇಳಿಬಿಡುತ್ತಾನೋ ಹೇಗೆ?

ಇಡೀ ಕಾಲೇಜಿನಲ್ಲಿ ನನ್ನಂಥ ಕುಚೇಷ್ಟೆಗಾರ ಇನ್ನೊಬ್ಬನಿರಲಿಲ್ಲ. ಪ್ರಿನ್ಸಿಪಾಲರ ಕುರ್ಚಿಯನ್ನೇ ತಾರಸಿಗೆ ಸಾಗಿಸಿದವನು ನಾನು! ಆ ವರ್ಷ, ಮೇಷ್ಟ್ರುಗಳ ಪಾಠ ಹೇಗಿದೆ ಎಂದು ವಿದ್ಯಾರ್ಥಿಗಳು ಹೆಸರು ಹಾಕದೆ ಬರೆದುಕೊಡುವ ಫಾರಂ ಬಿಸಿಬಿಸಿ ಜೆರಾಕ್ಸ್ ಆಗಿ ಬಂತು. ನಾನೂ ಒಂದನ್ನು ಎತ್ತಿಕೊಂಡು ಎಡಗೈಯಲ್ಲಿ ಗೀಚಿದೆ: "ಸಾರ್, ನಾವು ನಗೋದು ಪಾಠಕ್ಕಲ್ಲ, ನಿಮ್ಮನ್ನ ನೋಡಿ." ಅರ್ಥಶಾಸ್ತ್ರದ ಮೇಷ್ಟ್ರ ಫಾರಂಗಳ ಕಟ್ಟಿನೊಳಗೆ ತುರುಕಿದೆ.

ಓದಿದರು. ಮಡಚಿ ಜೇಬಿಗಿಟ್ಟುಕೊಂಡರು. ಸಂಜೆ ನಿಜ ಹೇಳಿ ನಗಿಸಿದರಾಯಿತು ಎಂದುಕೊಂಡೆ... ಹೇಳಲಿಲ್ಲ.

ಮರುದಿನದಿಂದ ಬಾಳೆಹಣ್ಣು ನಿಂತಿತು. ಯಾರು ನಕ್ಕರೂ "ಯಾರದು? ಏನ್ ನಗು?" ಎಂದು ಗದರುತ್ತಿದ್ದರು. ಟೆಸ್ಟ್ ಪೇಪರುಗಳ ಪಕ್ಕದಲ್ಲಿ ಆ ಫಾರಂ ಇಟ್ಟುಕೊಂಡು ಒಬ್ಬೊಬ್ಬರ ಕೈಬರಹವನ್ನೂ ಹೋಲಿಸುತ್ತಿದ್ದರು. ಕೊನೆಕೊನೆಗೆ ಬೋರ್ಡಿನ ಕಡೆ ತಿರುಗಿಕೊಂಡು ನೋಟ್ಸು ಬರೆಸುವುದಷ್ಟೇ. ಬೆಂಚುಗಳು ಖಾಲಿಯಾದವು.

ಮುಂದಿನ ವರ್ಷಕ್ಕೆ ಅವರು ಬೇಡ ಎಂದು ಪ್ರಿನ್ಸಿಪಾಲರು ಹೇಳಿದ ದಿನ, ಬಸ್ ಸ್ಟಾಪಿನ ತನಕ ಅವರ ಹಿಂದೆ ಓಡಿದೆ.

"ಸಾರ್, ಅದನ್ನ ಬರ್ದಿದ್ದು ನಾನು. ಸುಮ್ನೆ ತಮಾಷೆಗೆ."

ಅವರು ಬಹಳ ದಿನದ ಮೇಲೆ ನಕ್ಕರು. "ಬಿಡಿ ಸಾರ್, ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದೀರ. ಹುಡುಗ್ರೇ ಬರ್ದಿರೋದು."

"ದೇವ್ರಾಣೆ ಸಾರ್!"

"ಅಯ್ಯೋ, ನಿಮ್ಮ ಆಣೆನ ಯಾರ್ರೀ ನಂಬ್ತಾರೆ?" ಎಂದು ನನ್ನ ಭುಜ ತಟ್ಟಿ ಬಸ್ ಹತ್ತಿದರು.

ಆಮೇಲೆ ಅವರು ಎಲ್ಲಿಯೂ ಪಾಠ ಮಾಡಲಿಲ್ಲವಂತೆ... ಅವರು ತೀರಿಕೊಂಡ ಸುದ್ದಿಯನ್ನು ಹೋದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ತಿಳಿಸಿದ. "ಎಷ್ಟ್ ಚೆನ್ನಾಗ್ ಪಾಠ ಮಾಡ್ತಿದ್ರು ಸಾರ್, ಯಾಕೆ ಇದ್ದಕ್ಕಿದ್ದಂಗೆ ಹಂಗಾಗ್ಬಿಟ್ರು?" ಎಂದು ಕೇಳಿದ.

"ಗೊತ್ತಿಲ್ಲಪ್ಪಾ" ಎಂದೆ.

ಅವನು ನಂಬಿದ.